ಹಲವು ಸರ್ವರ್‌ಗಳು, ಒಂದೇ ವಹಿ: ಲಿನಕ್ಸ್ ಯಂತ್ರದಲ್ಲಿ ಆನ್ಸಿಬಲ್ ಅಳವಡಿಕೆ

2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಗಂಭೀರವಾದ ಭದ್ರತಾ ಲೋಪವೊಂದು ಬಹಿರಂಗವಾಯಿತು. ಲಿನಕ್ಸ್ ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗಲು ಬಹುತೇಕ ಎಲ್ಲರೂ ಬಳಸುವುದು ಇದೇ ತಂತ್ರಾಂಶವನ್ನು. ಉಬುಂಟು 22.04ರಲ್ಲಿ ಈ ಲೋಪವಿತ್ತು, 20.04ರಲ್ಲಿ ಇರಲಿಲ್ಲ, ಇನ್ನೂ ಹಳೆಯದಾದ ಸೆಂಟ್‌ಓಎಸ್ 7ರಲ್ಲಿಯೂ ಇರಲಿಲ್ಲ. ಉಬುಂಟುವಿಗೆ ತಿದ್ದುಪಡಿಯ ಪ್ಯಾಕೇಜ್ ಅದೇ ದಿನ ದೊರೆಯಿತು. ಆದರೆ ಹತ್ತಾರು ಸರ್ವರ್‌ಗಳನ್ನು ನೋಡಿಕೊಳ್ಳುವ ಕಚೇರಿಗಳಲ್ಲಿ ತಿದ್ದುಪಡಿಗಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳಿದ್ದವು. ಯಾವ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆ? ಒಂದೊಂದಕ್ಕೂ ಲಾಗಿನ್ ಆಗಿ ನೋಡುವವರು ಯಾರು? ನೋಡಿದ ಮೇಲೆ, ಯಾವುದನ್ನೂ ಬಿಟ್ಟಿಲ್ಲವೆಂದು ಹೇಳುವುದು ಯಾವ ಆಧಾರದಿಂದ?

ಇಂತಹ ಪ್ರಶ್ನೆಗಳಿಗೆ ಉತ್ತರ ಸಾಮಾನ್ಯವಾಗಿ ಒಬ್ಬ ಸಿಬ್ಬಂದಿಯ ನೆನಪಿನಲ್ಲಿಯೋ ಅವರ ಸ್ವಂತ ಡೈರಿಯಲ್ಲಿಯೋ ಇರುತ್ತದೆ. ಅವರಿಗೆ ವರ್ಗಾವಣೆಯಾದಾಗ ಅಥವಾ ಗುತ್ತಿಗೆಯ ಅವಧಿ ಮುಗಿದಾಗ ಪ್ರಭಾರ ಪಟ್ಟಿಯಲ್ಲಿ ಸರ್ವರ್‌ಗಳ ಸಂಖ್ಯೆ ಬರುತ್ತದೆ, ಕ್ರಮಸಂಖ್ಯೆ ಬರುತ್ತದೆ. ಅವುಗಳ ಒಳಗೆ ಏನನ್ನು ಹೇಗೆ ಹೊಂದಿಸಲಾಗಿದೆ ಎಂಬುದು ಬರುವುದಿಲ್ಲ. ಸರ್ವರ್ ಆರ್ಕೆಸ್ಟ್ರೇಷನ್ ತಂತ್ರಾಂಶದ ನಿಜವಾದ ಉಪಯೋಗವಿರುವುದು ಇಲ್ಲಿ. ಕೆಲಸ ಬೇಗ ಮುಗಿಯುವುದು ಅದರ ಎರಡನೆಯ ಲಾಭ ಮಾತ್ರ. ಸರ್ವರ್‌ಗಳು ಹೇಗಿರಬೇಕು ಎಂಬುದು ಬರಹದಲ್ಲಿ ಉಳಿಯುತ್ತದೆ ಎಂಬುದೇ ಮೊದಲನೆಯದು.

ಆರ್ಕೆಸ್ಟ್ರೇಷನ್ ಎಂಬ ಪದ ವಾದ್ಯಗೋಷ್ಠಿಯಿಂದ ಬಂದದ್ದು. ಯಕ್ಷಗಾನ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಭಾಗವತರು ಪದ ಎತ್ತಿಕೊಂಡಾಗ ಮದ್ದಳೆ, ಚೆಂಡೆ, ವೇಷಧಾರಿಯ ಹೆಜ್ಜೆ ಎಲ್ಲವೂ ಆ ತಾಳಕ್ಕೆ ಹೊಂದಿ ನಡೆಯುತ್ತವೆ. ಇಲ್ಲಿಯೂ ಒಂದು ಯಂತ್ರ ಸೂಚನೆ ನೀಡುತ್ತದೆ, ಉಳಿದವು ಅದರಂತೆ ನಡೆಯುತ್ತವೆ. ಸೂಚನೆ ನೀಡುವುದನ್ನು ಈ ಲೇಖನದಲ್ಲಿ ನಿಯಂತ್ರಣ ಯಂತ್ರವೆಂದೂ ಉಳಿದವನ್ನು ಅಧೀನ ಸರ್ವರ್‌ಗಳೆಂದೂ ಕರೆಯಲಾಗಿದೆ.

ಈ ಕೆಲಸಕ್ಕೆ ಪಪೆಟ್, ಸಾಲ್ಟ್ ಮೊದಲಾದ ಹಲವು ತಂತ್ರಾಂಶಗಳಿವೆ. ಕುಬರ್ನೆಟಿಸ್ ಅನ್ನೂ ಇದೇ ಹೆಸರಿನಿಂದ ಕರೆಯುವುದುಂಟು, ಆದರೆ ಅದರ ಕಾರ್ಯಕ್ಷೇತ್ರ ಕಂಟೈನರ್‌ಗಳು. ಹತ್ತು ಹನ್ನೆರಡು ಸರ್ವರ್‌ಗಳ ಕಚೇರಿಗೆ ಅದು ಉಪಕಾರಕ್ಕಿಂತ ಹೊರೆಯಾಗುವುದೇ ಹೆಚ್ಚು. ಇಲ್ಲಿ ವಿವರಿಸಿರುವುದು ಆನ್ಸಿಬಲ್ ಅನ್ನು. ಮೈಕೆಲ್ ಡಿಹಾನ್ ಇದನ್ನು 2012ರಲ್ಲಿ ಹೊರತಂದರು. 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಇದನ್ನು ಕೊಂಡಿತು. ಇದು ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಭಾರತ ಸರ್ಕಾರವು 2015ರಲ್ಲಿ ಹೊರಡಿಸಿದ ಮುಕ್ತ ತಂತ್ರಾಂಶ ನೀತಿಯ ಆಶಯಕ್ಕೂ ಇದು ಹೊಂದುತ್ತದೆ. ಹೆಸರಿನ ಮೂಲ ಕುತೂಹಲಕರವಾದುದು: ನಕ್ಷತ್ರಗಳ ನಡುವೆ ಕ್ಷಣಮಾತ್ರದಲ್ಲಿ ಸಂದೇಶ ಕಳುಹಿಸುವ ಕಾಲ್ಪನಿಕ ಉಪಕರಣಕ್ಕೆ ಲೇಖಕಿ ಅರ್ಸುಲಾ ಲೆ ಗ್ವಿನ್ 1966ರ ಕಾದಂಬರಿಯೊಂದರಲ್ಲಿ ಇಟ್ಟ ಹೆಸರು ಇದು.

ಸಣ್ಣ ಕಚೇರಿಗಳಿಗೆ ಇದು ಒಗ್ಗಲು ಕಾರಣವೊಂದಿದೆ. ಅಧೀನ ಸರ್ವರ್‌ಗಳಲ್ಲಿ ಪ್ರತ್ಯೇಕವಾದ ಯಾವ ತಂತ್ರಾಂಶವನ್ನೂ ಹಾಕಬೇಕಾಗಿಲ್ಲ. ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ಲಿನಕ್ಸ್ ಸರ್ವರ್‌ಗಳಲ್ಲಿ ಇವೆರಡೂ ಬಹುಮಟ್ಟಿಗೆ ಮೊದಲೇ ಇರುತ್ತವೆ.

ಅಳವಡಿಕೆಗೆ ಮೊದಲು

ವ್ಯಾಪ್ತಿಯನ್ನು ಮೊದಲು ಗೊತ್ತುಪಡಿಸಿಕೊಳ್ಳುವುದು ಅವಶ್ಯ. ಪಂಚತಂತ್ರ, ಇ-ಸ್ವತ್ತು ಮುಂತಾಗಿ ರಾಜ್ಯಮಟ್ಟದಲ್ಲಿ ನಿರ್ವಹಿಸಲ್ಪಡುವ ವ್ಯವಸ್ಥೆಗಳ ಸರ್ವರ್‌ಗಳು ಈ ವಿವರಣೆಯ ವ್ಯಾಪ್ತಿಗೆ ಬರುವುದಿಲ್ಲ. ಕಚೇರಿಯ ಸ್ವಂತ ದಾಸ್ತಾನಿನಲ್ಲಿದ್ದು, ಕಚೇರಿಯ ಸಿಬ್ಬಂದಿಯೇ ನೋಡಿಕೊಳ್ಳುವ ಕಡತ ಹಂಚಿಕೆ, ಬ್ಯಾಕಪ್, ಆಂತರಿಕ ಜಾಲತಾಣ ಮುಂತಾದ ಸರ್ವರ್‌ಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ನಿಯಂತ್ರಣ ಯಂತ್ರವು ಲಿನಕ್ಸ್ ಆಗಿರಬೇಕು. ವಿಂಡೋಸ್ ಅನ್ನು ನೇರವಾಗಿ ನಿಯಂತ್ರಣ ಯಂತ್ರವಾಗಿ ಬಳಸಲಾಗದು. ಹೆಚ್ಚು ಸಾಮರ್ಥ್ಯದ ಯಂತ್ರ ಬೇಕಿಲ್ಲ, ಹಳೆಯ ಮೇಜುಗಣಕವೂ ಆದೀತು; ಆದರೆ ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು. ಟೈಪಿಂಗ್, ಮುದ್ರಣ, ಇ-ಮೇಲ್ ಎಲ್ಲವೂ ನಡೆಯುವ ಯಂತ್ರದಲ್ಲಿ ಎಲ್ಲ ಸರ್ವರ್‌ಗಳ ಬೀಗದ ಕೈಗಳನ್ನು ಇಡುವುದೆಂದರೆ ಖಜಾನೆಯ ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ನೇತುಹಾಕಿದಂತೆ.

ಇನ್ನು ಅಳವಡಿಕೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು. ಉಬುಂಟುವಿನಲ್ಲಿ ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’, ಅನಂತರ ‘ಸುಡೊ ಆಪ್ಟ್ ಇನ್‌ಸ್ಟಾಲ್ ಆನ್ಸಿಬಲ್’. ಇಷ್ಟೇ. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ‘ಆನ್ಸಿಬಲ್’ ಹೆಸರಿನ ಮುಂದೆ ಎರಡು ಅಡ್ಡಗೆರೆ ಹಾಗೂ ‘ವರ್ಷನ್’ ಎಂದು ಬರೆದರೆ ಆವೃತ್ತಿಯ ಸಂಖ್ಯೆ, ಬಳಕೆಯಲ್ಲಿರುವ ಸಂರಚನಾ ಕಡತ ಮತ್ತು ಪೈಥಾನ್ ಆವೃತ್ತಿ ತೆರೆಯ ಮೇಲೆ ಬರುತ್ತವೆ. ಈ ಉತ್ತರವನ್ನು ಮುದ್ರಿಸಿ ಕಡತದಲ್ಲಿ ಇಡುವುದು ಒಳ್ಳೆಯದು.

ಆನ್ಸಿಬಲ್ ಎರಡು ರೂಪಗಳಲ್ಲಿ ದೊರೆಯುತ್ತದೆ. ‘ಆನ್ಸಿಬಲ್-ಕೋರ್’ ಎಂಬುದರಲ್ಲಿ ಮೂಲ ಭಾಗ ಮಾತ್ರವಿದೆ. ‘ಆನ್ಸಿಬಲ್’ ಎಂಬುದರಲ್ಲಿ ಅದರ ಜೊತೆಗೆ ಸಮುದಾಯದವರು ಸಿದ್ಧಪಡಿಸಿದ ಅನೇಕ ಮಾಡ್ಯೂಲ್‌ಗಳೂ ಇವೆ. ಉದಾಹರಣೆಗೆ, ಸರ್ವರ್‌ನ ಕಾಲವಲಯವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸುವ ಮಾಡ್ಯೂಲ್ ಎರಡನೆಯದರಲ್ಲಿದೆ, ಮೊದಲನೆಯದರಲ್ಲಿಲ್ಲ. ಕಚೇರಿಗಳಿಗೆ ಎರಡನೆಯದೇ ಸೂಕ್ತ.

ಹೊಸ ಆವೃತ್ತಿಯ ಆಸೆಗೆ ಪೈಥಾನಿನ ‘ಪಿಪ್’ ಮೂಲಕ ಅಳವಡಿಸಲು ಹೋದವರಿಗೆ ಉಬುಂಟು 24.04 ಅಥವಾ ಡೆಬಿಯನ್ 12ರಲ್ಲಿ ತಡೆ ಎದುರಾಗುತ್ತದೆ. ಪರಿಸರವು ಹೊರಗಿನಿಂದ ನಿರ್ವಹಿಸಲ್ಪಡುತ್ತಿದೆ ಎಂಬ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಇದು ದೋಷವಲ್ಲ, ಕಾರ್ಯಾಚರಣಾ ವ್ಯವಸ್ಥೆಯ ಪೈಥಾನ್ ಕೆಡದಿರಲಿ ಎಂದು ಇಟ್ಟಿರುವ ರಕ್ಷಣೆ. ಅದನ್ನು ಬಲವಂತವಾಗಿ ದಾಟುವ ಉಪಾಯವೂ ಉಂಟು, ಆದರೆ ಆ ದಾರಿ ಹಿಡಿಯಬಾರದು. ಹೊಸ ಆವೃತ್ತಿ ಬೇಕೇಬೇಕಾದರೆ ‘ಪಿಪ್‌ಎಕ್ಸ್’ ಬಳಸಬೇಕು. ಅದು ಆನ್ಸಿಬಲ್ ಅನ್ನು ಪ್ರತ್ಯೇಕ ಆವರಣದಲ್ಲಿ ಇರಿಸುತ್ತದೆ.

ಹೊಸದೇ ಯಾವಾಗಲೂ ಉತ್ತಮವೆಂದೂ ಹೇಳಲಾಗದು. ಆನ್ಸಿಬಲ್-ಕೋರ್ 2.17ರಿಂದ ಮುಂದಕ್ಕೆ ಅಧೀನ ಸರ್ವರ್‌ಗಳಲ್ಲಿ ಪೈಥಾನ್ 2.7 ಮತ್ತು 3.6 ಇದ್ದರೆ ಕೆಲಸ ನಡೆಯುವುದಿಲ್ಲ. ಸೆಂಟ್‌ಓಎಸ್ 7ರಲ್ಲಿರುವುದು ಪೈಥಾನ್ 2.7. ಅದರ ಅಧಿಕೃತ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದ್ದರೂ ಇನ್ನೂ ಓಡುತ್ತಿರುವ ಯಂತ್ರಗಳಿವೆ. ಉಬುಂಟು 24.04ರ ಭಂಡಾರದಲ್ಲಿರುವ 2.16ನೆಯ ಸರಣಿ ಇಂತಹ ಹಳೆಯ ಸರ್ವರ್‌ಗಳೊಡನೆಯೂ ಮಾತನಾಡಬಲ್ಲದು. ಅವುಗಳನ್ನು ಬದಲಿಸುವವರೆಗೆ ಇದೇ ಇರಲಿ.

ಕೀಲಿ ಮತ್ತು ವಹಿ

ಅಳವಡಿಕೆ ಮುಗಿದ ಮಾತ್ರಕ್ಕೆ ಏನೂ ನಡೆಯುವುದಿಲ್ಲ. ನಿಯಂತ್ರಣ ಯಂತ್ರವನ್ನು ಅಧೀನ ಸರ್ವರ್‌ಗಳು ಗುರುತಿಸಬೇಕು. ಇದಕ್ಕೆ ಪಾಸ್‌ವರ್ಡ್‌ಗಿಂತ ಎಸ್‌ಎಸ್‌ಎಚ್ ಕೀಲಿ ಜೋಡಿ ಭದ್ರವಾದುದು. ‘ಎಸ್‌ಎಸ್‌ಎಚ್-ಕೀಜೆನ್’ ಕಮಾಂಡಿನಿಂದ ಇಡಿ25519 ಮಾದರಿಯ ಜೋಡಿಯನ್ನು ಸೃಷ್ಟಿಸಬೇಕು. ಅದು ಗುಪ್ತವಾಕ್ಯವನ್ನು ಕೇಳುತ್ತದೆ. ಅಲ್ಲಿ ಎಂಟರ್ ಒತ್ತಿ ಮುಂದೆ ಹೋಗುವ ಅಭ್ಯಾಸ ವ್ಯಾಪಕವಾಗಿದೆ. ಹಾಗೆ ಮಾಡಿದರೆ ಕೀಲಿಯ ಕಡತವನ್ನು ನಕಲು ಮಾಡಿಕೊಂಡವರೆಲ್ಲರೂ ಸರ್ವರ್‌ಗಳ ಒಡೆಯರಾಗುತ್ತಾರೆ. ಗುಪ್ತವಾಕ್ಯವನ್ನು ಕೊಡಲೇಬೇಕು. ದಿನದ ಕೆಲಸದಲ್ಲಿ ಅದನ್ನು ಮತ್ತೆ ಮತ್ತೆ ಟೈಪ್ ಮಾಡುವ ಶ್ರಮವನ್ನು ‘ಎಸ್‌ಎಸ್‌ಎಚ್-ಏಜೆಂಟ್’ ತಪ್ಪಿಸುತ್ತದೆ.

ಜೋಡಿಯಲ್ಲಿ ಖಾಸಗಿ ಕೀಲಿ ನಿಯಂತ್ರಣ ಯಂತ್ರವನ್ನು ಬಿಟ್ಟು ಹೋಗಬಾರದು. ಸಾರ್ವಜನಿಕ ಕೀಲಿಯನ್ನು ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಮೂಲಕ ಪ್ರತಿಯೊಂದು ಸರ್ವರ್‌ಗೂ ಕಳುಹಿಸಬೇಕು. ಅಲ್ಲಿ ಇದಕ್ಕೆಂದೇ ಒಂದು ಬಳಕೆದಾರ ಖಾತೆ ಇರಲಿ. ರೂಟ್ ಖಾತೆಯಿಂದ ನೇರ ಲಾಗಿನ್ ಬೇಡ. ಮೊದಲ ಸಂಪರ್ಕದಲ್ಲಿ ಸರ್ವರ್‌ನ ಬೆರಳಚ್ಚು ತೆರೆಯ ಮೇಲೆ ಬಂದು, ಒಪ್ಪಿಗೆಯೇ ಎಂದು ಕೇಳುತ್ತದೆ. ಸರ್ವರ್‌ನ ಎದುರು ಕುಳಿತು ಅದರ ಬೆರಳಚ್ಚನ್ನು ತೆಗೆದು ಹೋಲಿಸಿ ನೋಡಿಯೇ ಒಪ್ಪಿಗೆ ಕೊಡತಕ್ಕದ್ದು. ಈ ಪರಿಶೀಲನೆಯನ್ನು ಆರಿಸಿಬಿಡುವಂತೆ ಸಲಹೆ ನೀಡುವ ಬರಹಗಳು ಹೇರಳವಾಗಿವೆ. ಸರ್ವರ್‌ನ ಹೆಸರಿನಲ್ಲಿ ಬೇರೊಂದು ಯಂತ್ರ ಉತ್ತರಿಸಿದರೂ ತಿಳಿಯದಂತಾಗುವುದೇ ಆ ಸಲಹೆಯ ಫಲ.

ಅನಂತರ ಇನ್ವೆಂಟರಿ ಕಡತ. ಕಚೇರಿಯ ದಾಸ್ತಾನು ವಹಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಯಾವ ಸರ್ವರ್‌ಗಳಿವೆ, ಅವುಗಳ ವಿಳಾಸವೇನು, ಯಾವ ಗುಂಪಿಗೆ ಸೇರಿವೆ ಎಂಬುದನ್ನು ಸಾದಾ ಪಠ್ಯ ಕಡತದಲ್ಲಿ ಬರೆಯಲಾಗುತ್ತದೆ. ಚೌಕ ಕಂಸದೊಳಗೆ ಗುಂಪಿನ ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ಸರ್ವರ್‌ಗಳು. ಜಿಲ್ಲಾ ಕಚೇರಿಯವು ಒಂದು ಗುಂಪು, ತಾಲ್ಲೂಕುಗಳವು ಇನ್ನೊಂದು, ಬ್ಯಾಕಪ್ ಸರ್ವರ್‌ಗಳು ಮತ್ತೊಂದು. ಒಂದೇ ಸರ್ವರ್ ಎರಡು ಗುಂಪುಗಳಲ್ಲಿ ಇರಬಹುದು. ಗುಂಪಿನ ಹೆಸರಿನಲ್ಲಿ ಅಡ್ಡಗೆರೆ ಬಳಸಿದರೆ ಎಚ್ಚರಿಕೆ ಸಂದೇಶ ಬರುತ್ತದೆ, ಅಡಿಗೆರೆ ಬಳಸುವುದು ಸರಿ. ಇನ್ವೆಂಟರಿಯನ್ನು ಬರೆಯಲು ಕುಳಿತಾಗಲೇ ಎಷ್ಟೋ ಕಡೆ ಮರೆತುಹೋದ ಸರ್ವರ್ ಒಂದು ನೆನಪಾಗುತ್ತದೆ. ಅದಷ್ಟಕ್ಕೇ ಈ ಶ್ರಮ ಸಾರ್ಥಕ.

‘ಆನ್ಸಿಬಲ್ ಆಲ್’ ಎಂದು ಬರೆದು ಪಿಂಗ್ ಮಾಡ್ಯೂಲನ್ನು ಕರೆದರೆ ಪ್ರತಿಯೊಂದು ಸರ್ವರ್‌ನಿಂದ ‘ಪಾಂಗ್’ ಎಂಬ ಉತ್ತರ ಬರಬೇಕು. ಇದು ಜಾಲವನ್ನು ಪರೀಕ್ಷಿಸುವ ಸಾಮಾನ್ಯ ಪಿಂಗ್ ಅಲ್ಲ. ಲಾಗಿನ್ ಆಗಿ, ಅಲ್ಲಿ ಪೈಥಾನ್ ಕೆಲಸ ಮಾಡುತ್ತಿದೆ ಎಂಬುದನ್ನು ಖಚಿತಪಡಿಸಿಕೊಂಡು ಬರುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ಪ್ರಶ್ನೆಗೂ ಈಗ ಉತ್ತರ ದೊರೆಯುತ್ತದೆ: ಎಲ್ಲ ಸರ್ವರ್‌ಗಳಲ್ಲಿ ಎಸ್‌ಎಸ್‌ಎಚ್ ಆವೃತ್ತಿಯನ್ನು ಕೇಳುವ ಒಂದು ಸಾಲು, ಒಂದು ನಿಮಿಷದ ಒಳಗೆ ಪಟ್ಟಿ ಸಿದ್ಧ.

ಪ್ಲೇಬುಕ್: ಒಂದು ನೈಜ ಉದಾಹರಣೆ

ಸರ್ವರ್‌ಗಳು ಇರಬೇಕಾದ ಸ್ಥಿತಿಯನ್ನು ಹೇಳುವ ಕಡತಕ್ಕೆ ಪ್ಲೇಬುಕ್ ಎಂದು ಹೆಸರು. ಯಾವ ವಿಷಯದಿಂದ ಆರಂಭಿಸುವುದು ಎಂಬ ಗೊಂದಲವಿದ್ದರೆ, ಸರ್ಕಾರಿ ಕಚೇರಿಗಳಿಗೆ ಈಗಾಗಲೇ ವಿಧಿಸಲಾಗಿರುವ ಕರ್ತವ್ಯದಿಂದಲೇ ಆರಂಭಿಸಬಹುದು. ಸರ್ಟ್-ಇನ್ ಎಂದು ಕರೆಯಲ್ಪಡುವ ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ನಿರ್ದೇಶನಗಳನ್ನು ಹೊರಡಿಸಿತು. ಅವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸರ್ವರ್‌ಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಡನೆ ಹೊಂದಿಸಿರಬೇಕು. ಲಾಗ್‌ಗಳನ್ನು 180 ದಿನಗಳವರೆಗೆ ಕಾಪಾಡಬೇಕು. ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು.

ಗಡಿಯಾರದ ವಿಷಯ ಕ್ಷುಲ್ಲಕವೆಂದು ತೋರಬಹುದು. ಎರಡು ಸರ್ವರ್‌ಗಳ ಗಡಿಯಾರಗಳಲ್ಲಿ ಏಳು ನಿಮಿಷಗಳ ಅಂತರವಿದ್ದರೆ, ಹೊರಗಿನವರು ಮೊದಲು ಯಾವುದರೊಳಗೆ ಬಂದರು, ಅಲ್ಲಿಂದ ಎಲ್ಲಿಗೆ ಹೋದರು ಎಂಬುದನ್ನು ಲಾಗ್‌ಗಳಿಂದ ಹೇಳಲು ಸಾಧ್ಯವೇ ಆಗುವುದಿಲ್ಲ. ಲಾಗ್‌ಗಳ ಸ್ಥಿತಿಯೂ ಅಷ್ಟೇ. ಉಬುಂಟುವಿನಲ್ಲಿ ಸಿಸ್‌ಲಾಗ್ ಕಡತಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಾಗಿ, ಹಳೆಯ ನಾಲ್ಕು ಮಾತ್ರ ಉಳಿಯುತ್ತವೆ. ಎಂದರೆ ಒಂದು ತಿಂಗಳ ಹಿಂದಿನದು ಸದ್ದಿಲ್ಲದೆ ಅಳಿದುಹೋಗುತ್ತಿರುತ್ತದೆ. 180 ದಿನಗಳಿಗೆ 26 ವಾರಗಳ ಕಡತಗಳು ಬೇಕು.

ಈ ಎರಡು ಕೆಲಸಗಳ ಪ್ಲೇಬುಕ್ ಐವತ್ತು ಸಾಲುಗಳನ್ನೂ ಮೀರುವುದಿಲ್ಲ. ಯಾವ ಗುಂಪಿಗೆ ಅನ್ವಯ ಎಂಬುದು ಮೊದಲ ಸಾಲಿನಲ್ಲಿ. ಆಡಳಿತಾಧಿಕಾರ ಬೇಕೆಂಬುದು ಎರಡನೆಯದರಲ್ಲಿ. ಅನಂತರ ಕಾರ್ಯಗಳು: ಕ್ರೋನಿ ಪ್ಯಾಕೇಜ್ ಇರಬೇಕು, ಅದರ ಸಂರಚನಾ ಕಡತದಲ್ಲಿ ಸಮಯ ಸರ್ವರ್‌ಗಳ ಹೆಸರುಗಳಿರಬೇಕು, ಸೇವೆ ಚಾಲನೆಯಲ್ಲಿರಬೇಕು, ಲಾಗ್‌ರೊಟೇಟ್ ಕಡತದಲ್ಲಿ 4 ಇರುವಲ್ಲಿ 26 ಇರಬೇಕು. ಉಬುಂಟುವಿನಲ್ಲಿ ಈ ಸೇವೆಯ ಹೆಸರು ‘ಕ್ರೋನಿ’, ರೆಡ್ ಹ್ಯಾಟ್ ಬಳಗದಲ್ಲಿ ‘ಕ್ರೋನಿಡಿ’. ಸಂರಚನಾ ಕಡತದ ಸ್ಥಳವೂ ಬೇರೆ. ಎರಡೂ ಬಗೆಯ ಸರ್ವರ್‌ಗಳಿರುವಲ್ಲಿ ಈ ವ್ಯತ್ಯಾಸವನ್ನು ಗುಂಪಿನ ಚರಾಂಶಗಳಾಗಿ ಬರೆದಿಡಬೇಕು. ಜಾಲದಲ್ಲಿ ಯುಡಿಪಿ 123ನೆಯ ಪೋರ್ಟ್ ಮುಚ್ಚಿದ್ದರೆ ಎಲ್ಲವೂ ಸರಿಯಿದ್ದಂತೆ ಕಂಡರೂ ಗಡಿಯಾರ ಹೊಂದುವುದಿಲ್ಲ, ಅದನ್ನು ‘ಕ್ರೋನಿಸಿ ಸೋರ್ಸಸ್’ ಕಮಾಂಡಿನಿಂದ ನೋಡಿಕೊಳ್ಳಬೇಕು. ಲಾಗ್‌ಗಳನ್ನು ಹೆಚ್ಚು ದಿನ ಇಟ್ಟಾಗ ಡಿಸ್ಕ್ ತುಂಬುವ ಸಾಧ್ಯತೆಯೂ ಇದೆ; ಸ್ಥಳಾವಕಾಶವನ್ನು ಮೊದಲೇ ಅಳೆಯತಕ್ಕದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ಲೇಬುಕ್ ‘ಹಾಕು’ ಎಂದು ಹೇಳುವುದಿಲ್ಲ, ‘ಇರಬೇಕು’ ಎಂದು ಹೇಳುತ್ತದೆ. ಇದ್ದರೆ ಸುಮ್ಮನಾಗುತ್ತದೆ, ಇಲ್ಲದಿದ್ದರೆ ತರುತ್ತದೆ. ಹೀಗೆ ಬರೆದ ಪ್ಲೇಬುಕ್ಕನ್ನು ಎರಡನೆಯ ಬಾರಿ ಓಡಿಸಿದಾಗ ಬದಲಾವಣೆಗಳ ಸಂಖ್ಯೆ ಸೊನ್ನೆ ಎಂದು ಬರಬೇಕು. ಸೊನ್ನೆ ಬಾರದಿದ್ದರೆ ಬರಹದಲ್ಲಿ ಏನೋ ಸರಿಯಿಲ್ಲ, ಅಥವಾ ಯಾರೋ ನಡುವೆ ಕೈಯಿಂದ ಬದಲಿಸಿದ್ದಾರೆ. ವಿದ್ಯುತ್ ಇಲ್ಲದೆಯೋ ಸಂಪರ್ಕ ಕಡಿದೋ ತಾಲ್ಲೂಕಿನ ಸರ್ವರ್ ಒಂದು ಸಿಗದೆ ಹೋದರೆ ಅದರ ಹೆಸರಿನೆದುರು ಸಂಪರ್ಕವಿಲ್ಲವೆಂಬ ಸೂಚನೆ ಬರುತ್ತದೆ. ಮರುದಿನ ಇಡೀ ಪ್ಲೇಬುಕ್ಕನ್ನು ಇನ್ನೊಮ್ಮೆ ಓಡಿಸಿದರಾಯಿತು.

ಪ್ಲೇಬುಕ್ ಬರೆಯುವ ಯಾಮಲ್ ಶೈಲಿಯಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೆ ಅರ್ಥವಿದೆ. ಟ್ಯಾಬ್ ಬಳಸುವಂತಿಲ್ಲ, ಸ್ಪೇಸ್ ಮಾತ್ರ. ಪಿಡಿಎಫ್‌ನಿಂದ ನಕಲು ಮಾಡಿದಾಗ ಈ ಖಾಲಿ ಜಾಗಗಳು ಕೆಡುತ್ತವೆ. ವರ್ಡ್ ಕಡತದಿಂದ ಬಂದ ಬಾಗಿದ ಉದ್ಧರಣ ಚಿಹ್ನೆಗಳೂ ತೊಂದರೆ ಕೊಡುತ್ತವೆ. ಸಾದಾ ಪಠ್ಯ ಸಂಪಾದಕದಲ್ಲಿ ಕೈಯಾರೆ ಟೈಪ್ ಮಾಡುವುದೇ ಲೇಸು. ಪ್ರತಿಯೊಂದು ಕಾರ್ಯಕ್ಕೆ ಕೊಡುವ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು, ಓಡಿಸುವಾಗ ಅದು ಕನ್ನಡದಲ್ಲಿಯೇ ತೆರೆಯ ಮೇಲೆ ಬರುತ್ತದೆ. ಆದರೆ ಅದು ಯೂನಿಕೋಡ್ ಆಗಿರತಕ್ಕದ್ದು; ನುಡಿಯ ಹಳೆಯ ಫಾಂಟ್ ಸಂಕೇತದಲ್ಲಿ ಬರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಕಾರ್ಯದ ಹೆಸರಿನಲ್ಲಿ ಕಾರಣವನ್ನೂ ಸೇರಿಸಿದರೆ, ಮುಂದೆ ಆ ಸ್ಥಾನಕ್ಕೆ ಬರುವವರಿಗೆ 26 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಎಚ್ಚರ ತಪ್ಪಿದರೆ

ಆನ್ಸಿಬಲ್ ಸಾಮಾನ್ಯವಾಗಿ ಒಮ್ಮೆಗೆ ಐದು ಸರ್ವರ್‌ಗಳ ಮೇಲೆ ಕೆಲಸ ಮಾಡುತ್ತದೆ. ಸರಿಯಾದ ಪ್ಲೇಬುಕ್ ಐದನ್ನು ಒಟ್ಟಿಗೆ ಸರಿಪಡಿಸುತ್ತದೆ, ತಪ್ಪಾದದ್ದು ಐದನ್ನೂ ಒಟ್ಟಿಗೆ ಕೆಡಿಸುತ್ತದೆ. ಆದುದರಿಂದ ಮೊದಲು ‘ಚೆಕ್’ ಮತ್ತು ‘ಡಿಫ್’ ಆಯ್ಕೆಗಳೊಡನೆ ಓಡಿಸಬೇಕು. ಏನನ್ನೂ ಬದಲಿಸದೆ, ಬದಲಾಗಲಿರುವ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ. ಈ ಪರೀಕ್ಷೆಗೂ ಮಿತಿಯಿದೆ. ಪ್ಯಾಕೇಜ್ ಇನ್ನೂ ಇಲ್ಲದಿರುವಲ್ಲಿ ಅದರ ಸೇವೆಯನ್ನು ಆರಂಭಿಸುವ ಹಂತ ವಿಫಲವೆಂದು ತೋರಬಹುದು, ನೇರ ಶೆಲ್ ಕಮಾಂಡ್‌ಗಳ ಹಂತಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ‘ಲಿಮಿಟ್’ ಆಯ್ಕೆಯಿಂದ ಅತಿ ಕಡಿಮೆ ಮಹತ್ವದ ಒಂದೇ ಸರ್ವರ್‌ನ ಮೇಲೆ ನಿಜವಾಗಿ ಓಡಿಸಿ ನೋಡುವುದು ಮುಂದಿನ ಹೆಜ್ಜೆ. ಪ್ಲೇಬುಕ್ಕಿನಲ್ಲಿ ‘ಸೀರಿಯಲ್’ ಎಂದು ಬರೆದು 1 ಎಂದು ಕೊಟ್ಟರೆ ಒಂದಾದ ಮೇಲೆ ಒಂದರಂತೆ ನಡೆದು, ಒಂದು ವಿಫಲವಾದೊಡನೆ ಉಳಿದವನ್ನು ಮುಟ್ಟದೆ ನಿಲ್ಲುತ್ತದೆ. ಎಸ್‌ಎಸ್‌ಎಚ್ ಸಂರಚನೆಯನ್ನು ಬದಲಿಸುವಾಗ ಇದು ಕಡ್ಡಾಯವೆಂದೇ ತಿಳಿಯಬೇಕು. ಅಲ್ಲಿ ಒಂದು ಅಕ್ಷರ ತಪ್ಪಿದರೆ ಮರಳಿ ಒಳಗೆ ಹೋಗುವ ಬಾಗಿಲೇ ಮುಚ್ಚಿ, ದೂರದ ತಾಲ್ಲೂಕಿಗೆ ಖುದ್ದಾಗಿ ಹೋಗಬೇಕಾಗುತ್ತದೆ.

ಡೇಟಾಬೇಸ್ ಮುಂತಾದವುಗಳ ಪಾಸ್‌ವರ್ಡ್‌ಗಳನ್ನು ಪ್ಲೇಬುಕ್ಕಿನಲ್ಲಿ ತೆರೆದ ಅಕ್ಷರಗಳಲ್ಲಿ ಬರೆಯಬಾರದು. ‘ಆನ್ಸಿಬಲ್-ವಾಲ್ಟ್’ ಅಂತಹ ಕಡತಗಳನ್ನು ಗೂಢಲಿಪೀಕರಿಸುತ್ತದೆ. ವಾಲ್ಟ್‌ನ ಪಾಸ್‌ವರ್ಡ್ ಕಳೆದುಹೋದರೆ ಒಳಗಿರುವುದನ್ನು ಮರಳಿ ಪಡೆಯುವ ದಾರಿಯಿಲ್ಲ. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಶಾಖೆಯ ಅಧಿಕಾರಿಯ ಸುಪರ್ದಿನಲ್ಲಿ ಇರಿಸುವುದು ಸೂಕ್ತ. ಪ್ಲೇಬುಕ್, ಇನ್ವೆಂಟರಿ, ವಾಲ್ಟ್ ಕಡತ ಮೂರನ್ನೂ ಗಿಟ್‌ನಲ್ಲಿ ಇಟ್ಟರೆ ಯಾರು ಯಾವ ದಿನ ಯಾವ ಸಾಲನ್ನು ಬದಲಿಸಿದರು ಎಂಬುದು ಕಡತದ ಟಿಪ್ಪಣಿ ಹಾಳೆಯಂತೆ ಉಳಿಯುತ್ತದೆ. ಖಾಸಗಿ ಕೀಲಿ ಮಾತ್ರ ಅಲ್ಲಿಗೆ ಹೋಗಬಾರದು.

ಪ್ರಭಾರ ಹಸ್ತಾಂತರದ ದಿನ ಮಾಡಬೇಕಾದದ್ದು ಇಷ್ಟು. ಹೊಸದಾಗಿ ಬಂದವರು ತಮ್ಮದೇ ಕೀಲಿ ಜೋಡಿಯನ್ನು ಸೃಷ್ಟಿಸಬೇಕು, ಹಿಂದಿನವರ ಕೀಲಿಯನ್ನು ಎರವಲು ಪಡೆಯಬಾರದು. ಹಿಂದಿನವರು ಎದುರಿಗಿರುವಾಗಲೇ ಹೊಸ ಸಾರ್ವಜನಿಕ ಕೀಲಿಯನ್ನು ಎಲ್ಲ ಸರ್ವರ್‌ಗಳಿಗೆ ಸೇರಿಸಿ, ಅದರಿಂದ ಪಾಂಗ್ ಉತ್ತರ ಬಂದುದನ್ನು ನೋಡಿದ ಮೇಲೆ, ಹಳೆಯ ಕೀಲಿ ‘ಇರಬಾರದು’ ಎಂದು ಬರೆದ ಪ್ಲೇಬುಕ್ಕನ್ನು ಓಡಿಸಬೇಕು. ವಾಲ್ಟ್‌ನ ಪಾಸ್‌ವರ್ಡನ್ನೂ ಅಂದೇ ಬದಲಿಸಿ ಲಕೋಟೆಯನ್ನು ಹೊಸದಾಗಿ ಮೊಹರು ಮಾಡಬೇಕು. ಹಿಂದಿನವರಿಗೆ ತಿಳಿದಿದ್ದ ಡೇಟಾಬೇಸ್ ಪಾಸ್‌ವರ್ಡ್‌ಗಳ ಬದಲಾವಣೆಯೂ ಅದರೊಡನೆ ಆಗತಕ್ಕದ್ದು. ಹಳೆಯ ಕೀಲಿಯಿಂದ ಒಮ್ಮೆ ಲಾಗಿನ್ ಆಗಲು ಯತ್ನಿಸಿ, ನಿರಾಕರಣೆ ಬಂದುದನ್ನು ಇಬ್ಬರೂ ನೋಡಿದ ಬಳಿಕ ಪ್ರಭಾರ ಪಟ್ಟಿಗೆ ಸಹಿ ಮಾಡಬಹುದು.